ಗಾಜಿನ ಪಕ್ಕದ ಸಾಲು

2018ರ ಮಾರ್ಚ್ 14, ಬುಧವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯ ಮೇಜಿನ ಮೇಲೆ ವಿದ್ಯಾರ್ಥಿನಿ ತಕ್ಕಡಿ ತನ್ನ ಮಾಪಕವನ್ನು ಕುಕ್ಕಿದಳು.

"ಕಳ್ಳ ಸಿಕ್ಕಿದಾನೆ, ಮೇಡಂ."

ಕಳ್ಳ ಬಾಗಿಲ ಬಳಿ ನಿಂತಿದ್ದ. ಅಂಗಿಯ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ, ಎಂದಿನಂತೆ.

ಅವಳಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದು ತರಗತಿಯವರು. ಎಲ್ಲವನ್ನೂ ಅಳೆಯುತ್ತಾಳೆ ಎಂದು. ಅವನಿಗೆ ಪಿಟೀಲು ಎಂದು ಹೆಸರಿಟ್ಟವಳು ಅವಳೇ. ಬಾಯಿ ತೆರೆದರೆ ಕೊಯ್ಯುತ್ತಲೇ ಇರುತ್ತಾನೆ. ಕೇಳುವವರು ಸಿಗದಿದ್ದರೆ ಸಸಿಗಳಿಗೆ.

ಎಂ.ಎಸ್ಸಿ. ಸೇರಿದ ದಿನದಿಂದ ಇಬ್ಬರನ್ನೂ ಒಂದೇ ಪ್ರಯೋಗಕ್ಕೆ ಕಟ್ಟಿಹಾಕಿದ್ದರು. ಅಕ್ಕಪಕ್ಕ ಎರಡು ಪುಟ್ಟ ಕೋಣೆ, ನಡುವೆ ಗಾಜಿನ ಗೋಡೆ. ಕಿಟಕಿಗಳಿಲ್ಲ. ಎರಡರಲ್ಲೂ ಒಂದೇ ಕಾಡುಮರದ ಸಸಿಗಳು. ಅವನ ಕೋಣೆಗೆ ಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಹರಿಯುತ್ತಿತ್ತು. ಜಗತ್ತು ಹೊಗೆ ಕಕ್ಕುವುದನ್ನು ನಿಲ್ಲಿಸದಿದ್ದರೆ ಮೊಮ್ಮಕ್ಕಳ ಪಾಲಿಗೆ ಬರುವ ಗಾಳಿ ಅದು. ಅಲ್ಲಿ ಯಂತ್ರವೇ ಅಳತೆ ಕಾಯುತ್ತಿತ್ತು. ಪಿಟೀಲು ಉಸಿರಾಡಿದರೂ ಒಂದೇ, ಬಿಟ್ಟರೂ ಒಂದೇ. ಅವಳ ಕೋಣೆಯದು ಇವತ್ತಿನ ಗಾಳಿ, ನಾನೂರು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆ ಅನಿಲ ನಾನೂರು ಪಾಲು. ಅದು ಕೆಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಕೆಟ್ಟಿತ್ತು. ಗಾಜಿನ ಪಕ್ಕದ ಸಾಲಿನ ಸಸಿಗಳು ಮಾತ್ರ, ಇಂಗಾಲದ ಡೈಆಕ್ಸೈಡ್ ಹೆಚ್ಚು ಕುಡಿದಂತೆ, ಉಳಿದವನ್ನು ಮೀರಿ ಬೆಳೆದಿದ್ದವು. ಗಾಜಿನ ಅಂಚುಗಳನ್ನು ಪರೀಕ್ಷಿಸಿದಳು, ಸೋರಿಕೆ ಇಲ್ಲ. ಬೀಗ ಬದಲಿಸಿ, ಇದ್ದೊಂದು ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು. ಆ ಅನಿಲ ಅಳೆಯುವ ಮಾಪಕವನ್ನು ಹತ್ತು ದಿನ ಎಲೆಗಳ ಮರೆಯಲ್ಲಿ ಬಚ್ಚಿಟ್ಟು, ಇವತ್ತು ಬೆಳಿಗ್ಗೆ ಹೊರತೆಗೆದಳು. ಊಟದ ಹೊತ್ತಿಗೆ ಅಂಕಿ ಏರಿತ್ತು. ಮತ್ತೆ ಮತ್ತೆ, ಅದೇ ಹೊತ್ತಿಗೆ.

"ಯಾರೋ ಒಳಗೆ ನಿಂತು ಉಸಿರು ಬಿಟ್ಟಿದಾರೆ, ಮೇಡಂ. ನಾನೇ ಎರಡು ನಿಮಿಷ ಮೀರಲ್ಲ. ಥರ್ಮಾಮೀಟರ್ ನೋಡ್ತೀನಿ, ಬರ್ತೀನಿ. ಬಾಗಿಲ ಮೇಲೆ ಹಾಗಂತ ಬರೆದು ಅಂಟಿಸಿದೀನಿ."

"ಇವನೇ ಅಂತ ಹೇಗಮ್ಮ ಹೇಳ್ತೀಯ?"

"ಕಳೆದ ಗುರುವಾರ ನಾನು ಅಕ್ಕನ ಮನೆಗೆ ಹೋಗಿದ್ದೆ. ಅವತ್ತೊಂದೇ ದಿನ ಅಂಕಿ ಅಲ್ಲಾಡಿಲ್ಲ. ನಾನಿಲ್ಲದಾಗ ಹೋದ್ರೆ ತನ್ನ ಮೇಲೇ ಬರುತ್ತೆ ಅಂತ ಗೊತ್ತು ಇವನಿಗೆ. ಕಳ್ಳಬೆಕ್ಕು! ನಕಲಿ ಕೀಲಿ ಮಾಡಿಸಿರ್ತಾನೆ."

ಮೇಡಂ ಅವನತ್ತ ತಿರುಗಿದರು. "ನಿಜವೇನಪ್ಪಾ? ನಿಜ ಆದ್ರೆ ಇವತ್ತೇ ನಿನ್ನ ತೆಗೀಬೇಕಾಗುತ್ತೆ. ಡಿಗ್ರಿನೂ ಹೋಗುತ್ತೆ."

"ನಾನು ಆ ಕೋಣೆಗೆ ಹೋಗಿಲ್ಲ, ಮೇಡಂ."

"ಮತ್ತೆ ಯಾರು?"

ಅವನು ನೆಲ ನೋಡಿದ. "ಅದನ್ನ ನಾನು ಹೇಳಲ್ಲ."

"ಬಾಯಿ ಬಿಡೋ! ಯಾವತ್ತೂ ಮುಚ್ಚದ ಬಾಯಿ ಇವತ್ತೇನಾಯ್ತು?" ತಕ್ಕಡಿ ಅಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

"ನಿನ್ನೆ ಊಟದ ಹೊತ್ತಲ್ಲಿ ಎಲ್ಲಿದ್ದೆ?" ಮೇಡಂ ಅವನನ್ನು ಕೇಳಿದರು.

"ನನ್ನ ಕೋಣೆಯಲ್ಲೇ, ಮೇಡಂ. ಕೆಲಸ ಮಾಡ್ತಿದ್ದೆ."

"ಕೆಲಸ!" ತಕ್ಕಡಿಗೆ ತಡೆಯಲಾಗಲಿಲ್ಲ. "ಇವನ ಕೆಲಸದ ವೈಭೋಗ ನಾನು ಹೇಳ್ತೀನಿ ಕೇಳಿ, ಮೇಡಂ. ಒಂದು ಗಂಟೆಗೆ ಬಂದ. ಶೂ ಬಿಚ್ಚಿದ. ಎಡಗಾಲಿನ ಸಾಕ್ಸಲ್ಲಿ ತೂತು, ಹೆಬ್ಬೆರಳು ಹೊರಗೆ. ಬಾಳೆಹಣ್ಣು ಮುರಿದು ಅರ್ಧ ತಿಂದ, ಇನ್ನರ್ಧ ಗಾಜಿನ ಹತ್ತಿರ ಇಟ್ಟ. ದಿನಾ ಇಡ್ತಾನೆ, ಇರುವೆ ಸಾಕ್ತಾನೋ ಏನೋ! ಆಮೇಲೆ ಪುಸ್ತಕ ತೆಗೆದು ಸಸಿಗಳಿಗೆ ಓದೋಕೆ ಶುರು. ಅದೂ ಹೇಗೆ, ಸಸಿಗಳಿಗೆ ಬೆನ್ನು ಹಾಕಿ! ಹನ್ನೊಂದು ಪುಟ ಓದಿದ. ನಡುವೆ ತನ್ನಷ್ಟಕ್ಕೆ ತಾನೇ ನಕ್ಕ. ನಗುವಾಗ ಮೂಗು ಸುಕ್ಕಾಗುತ್ತೆ, ಮೊಲದ ಹಾಗೆ. ಕನ್ನಡಕ ತೆಗೆದು ಅಂಗಿ ಚುಂಗಲ್ಲಿ ಒರೆಸಿದ. ಕೊನೆಗೆ ಗೋಡೆಗೆ ಒರಗಿ ಬಾಯಿ ಬಿಟ್ಕೊಂಡು ನಿದ್ದೆ. ಎರಡು ಗಂಟೆ ಬೆಲ್ ಹೊಡೆದಾಗಲೇ ಎದ್ದಿದ್ದು! ಇದು ಇವನ ವಿಜ್ಞಾನ!"

ಉಸಿರು ತೆಗೆದುಕೊಳ್ಳಲು ನಿಂತಳು.

ಪಿಟೀಲು ತಲೆ ತಗ್ಗಿಸಿ ಗುಂಡಿ ಸರಿಮಾಡಿಕೊಳ್ಳುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ಅಷ್ಟೂ ನೋಡಿದೆಯಾ?" ಮೇಡಂ ಮೆಲ್ಲಗೆ ಕೇಳಿದರು. "ಎಲ್ಲಿ ನಿಂತು ನೋಡಿದೆಯಮ್ಮ?"

"ಇನ್ನೆಲ್ಲಿ, ಗಾಜಿನ..."

ಕೊರಳಿನ ಕೀಲಿಗೆ ಅವಳ ಕೈ ತಾನಾಗಿ ಹೋಯಿತು.

ಮೇಡಂ ಮಾಪಕದ ಪರದೆಯನ್ನು ಅವಳತ್ತ ತಿರುಗಿಸಿದರು. ನಿನ್ನೆ, ಅವಳ ಕೋಣೆ: ಒಂದು ಗಂಟೆಗೆ 400, ಎರಡು ಗಂಟೆಗೆ 1,290 ಪಿಪಿಎಂ.