ಈರಣ್ಣನ ನೆನಪು

ಕಕ್ಷಿದಾರನ ತಲೆಯಿಂದ ಅಪರಾಧ ನಡೆದ ಆ ಒಂದು ದಿನದ ನೆನಪನ್ನು ತೆಗೆದು ಜೂನಿಯರ್ ತಲೆಯಲ್ಲಿಡುವುದು ಧಾರವಾಡದ ವಕೀಲರಲ್ಲಿ ರೂಢಿ. ಕಟಕಟೆಯಲ್ಲಿ ಅವನು ನಿಜವಾಗಿಯೂ ಏನೂ ಅರಿಯದವನಾಗಿ ನಿಲ್ಲಬೇಕಲ್ಲ. ಕೆಲಸ ಕಲಿಯಲು ಸೇರಿದ ನೀಲಾಂಬಿಕೆ ಮೊದಲು ಹೊತ್ತದ್ದು ಈರಣ್ಣನ ನೆನಪನ್ನು.

ಖುಲಾಸೆಯಾದ ದಿನ ಈರಣ್ಣ ಪೇಢಾ ತಂದ.

"ನಿಮ್ಮ ನೆನಪು ವಾಪಸ್ ತಗೋರಿ," ಎಂದಳು.

"ಬ್ಯಾಡ್ರಿ ಅಕ್ಕಾರ, ಅದಿಲ್ದ ಆರಾಮ ಅದೀನಿ."

ಅವಳು ಹಿರಿಯ ವಕೀಲ ಹಂಚಿನಮನಿಯವರತ್ತ ನೋಡಿದಳು.

"ಒಲ್ಲೆ ಅಂದವ್ರಿಗೆ ಒತ್ತಾಯ ಮಾಡಾಕ ಬರಂಗಿಲ್ಲ ತಂಗಿ. ನನ್ನ ತಲ್ಯಾಗೂ ಭಾಳ ಮಂದೀವು ಅದಾವು," ಎಂದು ಅವರು ಪೇಢಾ ಬಾಯಿಗಿಟ್ಟುಕೊಂಡರು.

"ಅಪ್ಪ ಇದ್ದಿದ್ರ ಇವತ್ತ ಭಾಳ ಖುಷಿಪಡ್ತಿದ್ದ," ಎಂದು ಈರಣ್ಣ ಕಣ್ಣೊರೆಸಿಕೊಂಡ.

ನೀಲಾಂಬಿಕೆ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಒತ್ತಿ ಹಿಡಿದ ದಿಂಬಿನಡಿ ಆ ಮುದುಕ ಕೊಸರಾಡಿದ್ದು ಈಗ ಅವಳ ಕೈಗಳಿಗೆ ಮಾತ್ರ ನೆನಪಿತ್ತು.