ಖಣಿಯೊಳಗಿನ ಚರಗ

“ತಿಕ್ಕಬ್ಯಾಡ್ರಿ ಅತ್ತಿ!” ಸೊಸೆ ಸೌಮ್ಯಾ ಕೈ ಹಿಡಿದಾಗ ದಾನವ್ವನ ಕೈಯ ತೆಂಗಿನ ನಾರು ಬಂಡೆಯ ಮೇಲೆ ಅರ್ಧಕ್ಕೇ ನಿಂತಿತು. ಸೀಗಿ ಹುಣ್ಣಿಮೆಯಲ್ಲಿ ಪಾಂಡವರೆಂದು ಪೂಜಿಸುವ ಐದು ಕಲ್ಲುಗಳಿಗೆ ಆಕೆ ಜಾಗ ಹಸನು ಮಾಡುತ್ತಿದ್ದಳು. ತಾರಿಹಾಳದಾಚೆಯ ಅವರ ಹೊಲ ಕಲ್ಲಿನ ಖಣಿಯಾಗಿ, ಆ ಖಣಿಯೂ ನಿಂತು ವರ್ಷಗಳೇ ಆಗಿದ್ದವು. ಹಬ್ಬ ತಪ್ಪಬಾರದೆಂದು ಭೂತಾಯಿಗೆ ಉಣ್ಣಿಸುವ ಚರಗದ ಬುಟ್ಟಿ ತಂದಿದ್ದಳು, ಅಷ್ಟೇ. ಹೊಲಕ್ಕೆಂದೂ ಚಪ್ಪಲಿ ಮೆಟ್ಟಿ ಕಾಲಿಡದ ದಾನವ್ವ ಇಂದು ಮೆಟ್ಟಿಕೊಂಡೇ ಇಳಿದಿದ್ದಳು. ಬರೀ ಬಂಡೆಗೆ ಎಲ್ಲಿಯ ಮಡಿ?

“ಕೊಳಿ ಅಲ್ಲೇನ ಇದು?” ಎಂದು ಬಂಡೆಗಂಟಿದ ಕಪ್ಪು ಹಸಿರು ಹಕ್ಕಳೆಯನ್ನು ತೋರಿಸಿದಳು.

“ಅಲ್ರಿ. ಕಣ್ಣಿಗೆ ಕಾಣದ ಜೀವ ಅದಾವ್ರಿ ಇದರಾಗ,” ಎಂದಳು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದ ಸೌಮ್ಯಾ. “ಹುಳಿ ರಸಾ ಬಿಟ್ಟು ಕಲ್ಲು ಕರಗಿಸಿ, ಒಳಗಿನ ಸತ್ವ ಹೊರಗ ತಗೀತಾವು. ಅದನ್ನ ಉಂಡು ಮುಂದ ಹುಲ್ಲು ಹುಟ್ಟತೈತಿ. ಇಲ್ಲೆ ಹೊಸಾ ಮಣ್ಣು ಆಗಾಕತ್ತೈತ್ರಿ.”

ದಾನವ್ವ ನಾರು ಕೆಳಗಿಟ್ಟು, ಆ ಹಕ್ಕಳೆಯನ್ನು ಬೆರಳ ತುದಿಯಿಂದ ಮುಟ್ಟಿದಳು. “ಅಂದ್ರ ನಮ್ಮ ಭೂಮ್ತಾಯಿ ಸತ್ತಿಲ್ಲೇನ?”

“ಇಲ್ರಿ ಅತ್ತಿ.”

ಸೌಮ್ಯಾ ಚರಗದ ಬುಟ್ಟಿಗೆ ಕೈ ಹಾಕಿದಳು. “ತಡಿ,” ಎಂದ ದಾನವ್ವ ಏದುಸಿರು ಬಿಡುತ್ತ ಖಣಿಯ ಅಂಚಿನವರೆಗೆ ಏರಿ ಹೋಗಿ, ಚಪ್ಪಲಿ ಅಲ್ಲಿಯೇ ಬಿಟ್ಟು, ಬರಿಗಾಲಲ್ಲಿ ಇಳಿದು ಬಂದಳು.