ತಣ್ಣನೆಯ ಬೆಳಕು

ಸರ್ಕಾರದ ವಿದ್ಯುತ್ ಉಳಿತಾಯ ಯೋಜನೆ ಆ ಊರಲ್ಲಿ ನೂರಕ್ಕೆ ನೂರು ಗೆದ್ದಿತ್ತು. ಹಳೇ ಬಲ್ಬ್ ಒಂದೂ ಉಳಿದಿರಲಿಲ್ಲ. ಸಭೆಯಲ್ಲಿ ಅಧಿಕಾರಿ ಉರಿಯುವ ಎಲ್‌ಇಡಿಯನ್ನು ಬರಿಗೈಯಲ್ಲೇ ಹಿಡಿದು ತೋರಿಸಿದರು.

“ಮುಟ್ಟಿ ನೋಡಿ, ತಣ್ಣಗಿದೆ! ಕರೆಂಟೆಲ್ಲ ಬೆಳಕಿಗೇ. ಬಿಸಿಗೆ ಒಂಚೂರೂ ಪೋಲಿಲ್ಲ.”

ಚಪ್ಪಾಳೆ ಬಿತ್ತು. ನೀಲವ್ವ ಬುಟ್ಟಿ ಹಿಡಿದು ಎದ್ದು ಬಂದಳು. ಅಧಿಕಾರಿಗೆ ಗುರುತು ಸಿಕ್ಕಿತು. ನಿನ್ನೆ ಇವಳ ಕೋಳಿಗೂಡಿನಲ್ಲಿ ಉರಿಯುತ್ತಿದ್ದ ನೂರು ವ್ಯಾಟಿನ ಬಲ್ಬನ್ನು, ‘ಕೋಳಿಮರಿಗಳೇನು ಓದ್ಕೋಬೇಕಾ?’ ಎಂದು ರೇಗಿ, ತಾವೇ ಬಿಚ್ಚಿ ಎಲ್‌ಇಡಿ ಹಾಕಿಸಿದ್ದರು.

“ಏನವ್ವಾ, ಹೊಸ ಬಲ್ಬ್ ಉರೀತಿಲ್ವಾ?”

“ಚಲೋ ಉರೀತೈತ್ರಿ. ತಣ್ಣಗೂ ಐತ್ರಿ.”

ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಮರಿಗಳೆಲ್ಲ ರಾತ್ರಿಯ ಚಳಿಗೆ ಸತ್ತು ಸೆಟೆದುಕೊಂಡಿದ್ದವು.

“ಇವನ್ನೂ ಮುಟ್ಟಿ ನೋಡ್ರಿ, ಸಾಹೇಬ್ರ.”